ಹದಿನೇಳರ ರಾತ್ರಿ ಎಂಟು ಗಂಟೆ

(ಕಳೆದ ಡಿಸೆಂಬರ್ 17ರ ಸಂಜೆ ಕೋಲಾರದಲ್ಲಿ, ನಿವೃತ್ತ ಸೈನಿಕರ ಕುಟುಂಬಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತು ದಾರಿ ಬಿಟ್ಟು ಹೋದ ಕಡೆ ಹಾಗೆಯೇ ಹೋಗಲು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಸಭೆ ನಿನ್ನೆಯೇ ನಡೆಯಬೇಕಿತ್ತು. ಡಿಸೆಂಬರ್ 16 ವಿಜಯ ದಿವಸ. 1971ರಲ್ಲಿ ಅಂದು ಢಾಕಾದಲ್ಲಿ ಪಾಕಿಸ್ತಾನದ ಪಡೆ ಶರಣಾಯಿತು, 93,000 ಮಂದಿ ಸೆರೆಯಾದರು ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಒಂದು ದಿನ ಮುಂದಕ್ಕೆ ಹಾಕಿ ಎಂದು ಕೇಳಿಕೊಂಡವಳು ನಾನು. ಸಂಘಟಕರು ಕಾರಣ ಕೇಳದೆ ಒಪ್ಪಿದರು, ಅದು ಅವರ ದೊಡ್ಡತನ. ಕಾರಣ ಇಷ್ಟೇ: ನನ್ನ ತಾತ ಹದಿನಾರನೆಯ ತಾರೀಖನ್ನು ಒಪ್ಪುತ್ತಿರಲಿಲ್ಲ. ಅವರು ಇದ್ದದ್ದು ಪಶ್ಚಿಮದ ಗಡಿಯಲ್ಲಿ. ಅಲ್ಲಿ ಗುಂಡು ನಿಂತದ್ದು ಮರುದಿನ, ಹದಿನೇಳರ ರಾತ್ರಿ ಎಂಟು ಗಂಟೆಗೆ. "ಪೇಪರಿನವರ ಯುದ್ಧ ಹದಿನಾರಕ್ಕೆ ಮುಗಿಯಿತು, ನಮ್ಮದು ಹದಿನೇಳಕ್ಕೆ" ಎನ್ನುತ್ತಿದ್ದರು.

ಪ್ರತಿ ವರ್ಷ ಈ ದಿನ, ಗಡಿಯಾರದಲ್ಲಿ ಎಂಟು ಆಗುವವರೆಗೆ ಅವರು ತಟ್ಟೆಗೆ ಕೈ ಹಾಕುತ್ತಿರಲಿಲ್ಲ. ಡಿಸೆಂಬರ್ ಎಂದರೆ ಅವರೆಯ ಕಾಲ. ಅಜ್ಜಿ ಸೊಗಡಿನ ಅವರೆ ಸುಲಿದು, ನೆನೆಸಿ, ಹಿತಕಿ, ಸಾರು ಮಾಡಿ, ಏಳು ಗಂಟೆಗೇ ಮುದ್ದೆ ಕಟ್ಟಿ ಮೇಲೆ ಬಟ್ಟಲು ಬೋರಲು ಹಾಕಿ ಕೂರುತ್ತಿದ್ದರು. "ಆರಿದ ಮುದ್ದೆ ತಿನ್ನುವ ಶಿಕ್ಷೆಯನ್ನು ಯಾವ ಸರ್ಕಾರ ಕೊಟ್ಟಿತು ಇವರಿಗೆ" ಎಂದು ಗೊಣಗುತ್ತಿದ್ದರು. ಎಂಟಕ್ಕೇ ಮುದ್ದೆ ಕಟ್ಟಬಹುದಿತ್ತಲ್ಲ ಎಂದು ನಾವು ಮೊಮ್ಮಕ್ಕಳು ಕೇಳಿದ್ದೇವೆ. ಅದಕ್ಕೆ ಉತ್ತರವಿಲ್ಲ. ಅವರಿಬ್ಬರೂ ಏನನ್ನೋ ಒಟ್ಟಿಗೆ ಕಾಯುತ್ತಿದ್ದರು ಎಂದು ನನಗೆ ಹೊಳೆದದ್ದು ತೀರ ತಡವಾಗಿ.

ನಮ್ಮ ಊರು ಮುಳಬಾಗಿಲಿನ ಕಡೆ. ಊರಿನವರಿಗೆ ತಾತನ ಹೆಸರು ಬೇಕಿರಲಿಲ್ಲ, ಮಿಲಿಟರಿ ತಾತ ಎಂದರೆ ಸಾಕಿತ್ತು. ಪರಸ್ಥಳದ ಲಾರಿ ಚಾಲಕನೊಬ್ಬ "ಇಲ್ಲಿ ಮಿಲಿಟರಿ ಎಲ್ಲಿ" ಎಂದು ಕೇಳಿ, ಯಾರೋ ಕೈ ತೋರಿಸಿ, ಊಟಕ್ಕೆಂದು ನಮ್ಮ ಜಗಲಿಗೆ ಬಂದು ಕುಳಿತದ್ದೂ ಉಂಟು. ನಮ್ಮ ಸೀಮೆಯಲ್ಲಿ ಮಿಲಿಟರಿ ಎಂದ ಕೂಡಲೇ ನೆನಪಿಗೆ ಬರುವುದು ಮುದ್ದೆ, ಕೈಮ, ಕಾಲುಸೂಪಿನ ಹೋಟೆಲ್. ಸೈನ್ಯ ಆಮೇಲೆ. ತಾತ ಆ ಚಾಲಕನಿಗೆ ಊಟ ಹಾಕಿಸಿಯೇ ಕಳಿಸಿದರು. ಹಿಂದಿನ ಸಾಲಿನವರು ನಗುತ್ತಿದ್ದೀರಿ, ನಿಮಗೂ ಹಸಿವಾಗಿದೆ ಎಂದು ಕಾಣುತ್ತದೆ.

ಅವರು ಸೇನೆಗೆ ಸೇರಿದ್ದು 1963ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಹಿಂದಿನ ವರ್ಷ ಚೀನಾದೊಂದಿಗೆ ಯುದ್ಧವಾಗಿತ್ತು, ಸೈನ್ಯವನ್ನು ಬೆಳೆಸುವ ಅವಸರದಲ್ಲಿ ಎಲ್ಲೆಡೆ ಭರ್ತಿ ನಡೆಯುತ್ತಿತ್ತು. ದೇಶ ಕರೆಯಿತು, ತಾತ ಓಡಿದರು ಎಂದು ಇಲ್ಲಿ ನಿಂತು ಹೇಳಿದರೆ ಚಪ್ಪಾಳೆ ಬೀಳುತ್ತದೆ. ಅವರು ಹೇಳುತ್ತಿದ್ದದ್ದು ಬೇರೆ. ಎರಡು ವರ್ಷ ರಾಗಿ ಕೈಕೊಟ್ಟಿತ್ತು. ಮನೆಯಲ್ಲಿ ಒಂಬತ್ತು ಬಾಯಿ. ಅಲ್ಲಿ ಮೂರು ಹೊತ್ತು ಅನ್ನ ಹಾಕುತ್ತಾರಂತೆ ಎಂಬ ಸುದ್ದಿ ಊರಿಗೆ ಬಂದಿತ್ತು. ಕೋಲಾರದಿಂದ ಬಂಗಾರಪೇಟೆಗೆ ಸಣ್ಣ ರೈಲು, ಅಲ್ಲಿಂದ ಬೆಂಗಳೂರಿಗೆ ದೊಡ್ಡ ರೈಲು. ಎದೆಯ ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ಒಂದು ಇಂಚು ಸಾಲ ತಂದರಂತೆ. "ಮೊದಲು ಸೈನ್ಯ ಸೇರಿದ್ದು ನನ್ನ ಹೊಟ್ಟೆ. ನಾನು ಸೇರಲು ಎರಡು ವರ್ಷ ಹಿಡಿಯಿತು" ಎನ್ನುತ್ತಿದ್ದರು. ಈ ಮಾತನ್ನು ನಾನು ಯಾವ ದೇಶಭಕ್ತಿ ಭಾಷಣಕ್ಕಿಂತ ಹೆಚ್ಚು ನಂಬುತ್ತೇನೆ.

ಸೇರಿದ್ದು ಮದ್ರಾಸ್ ಎಂಜಿನಿಯರ್ ಗ್ರೂಪಿಗೆ. ಹಲಸೂರು ಕೆರೆಯ ದಂಡೆಯಲ್ಲಿ ಅದರ ಕೇಂದ್ರವಿದೆ, ಬೆಂಗಳೂರಿಗೆ ಹೋದವರು ಗೋಡೆಯನ್ನಾದರೂ ನೋಡಿರುತ್ತೀರಿ. 1780ರಿಂದ ಲೆಕ್ಕ ಹಿಡಿಯುವ ಹಳೆಯ ಪಡೆ ಅದು. ಮುಳ್ಳುತಂತಿಯನ್ನು ಸಿಡಿಸಿ ದಾರಿ ಮಾಡುವ 'ಬೆಂಗಳೂರು ಟಾರ್ಪೆಡೊ' ಎಂಬ ಸ್ಫೋಟಕದ ಕೊಳವೆ ಹುಟ್ಟಿದ್ದೂ ಇದೇ ಪಡೆಯಲ್ಲಿ, 1912ರಲ್ಲಿ. ಮುಂದೆ ಎರಡು ಮಹಾಯುದ್ಧಗಳಲ್ಲೂ ಅದು ಬಳಕೆಯಾಯಿತು. ನಮ್ಮ ಬೆಂಗಳೂರಿನ ಹೆಸರು ಹೊತ್ತು ಲೋಕ ಸುತ್ತಿದ ಮೊದಲ ಸರಕು ಕಂಪ್ಯೂಟರ್ ಅಲ್ಲ ಎಂದು ತಾತ ಜಂಬ ಕೊಚ್ಚಿಕೊಳ್ಳುತ್ತಿದ್ದರು.

ಆ ಪಡೆಯ ಸೈನಿಕರನ್ನು 'ತಂಬಿ' ಎಂದು ಕರೆಯುವುದು ವಾಡಿಕೆ. ದಕ್ಷಿಣದ ನಾಲ್ಕೂ ಭಾಷೆಯವರು ಒಂದೇ ಬ್ಯಾರಕಿನಲ್ಲಿ ಇರುತ್ತಿದ್ದರು. ಕೋಲಾರದವನಿಗೆ ಅದೇನು ಹೊಸದಲ್ಲ, ನಾವು ಹುಟ್ಟುವಾಗಲೇ ಎರಡು ನಾಲಿಗೆ ಇಟ್ಟುಕೊಂಡು ಹುಟ್ಟಿದವರು. ತಾತ ದೇವರ ಮುಂದೆ ತೆಲುಗು, ಲೆಕ್ಕಕ್ಕೆ ಕನ್ನಡ, ಸಿಟ್ಟಿಗೆ ಹಿಂದಿ. ನಿದ್ದೆಯಲ್ಲಿ ಮಾತಾಡಿದರೆ ತಮಿಳು. ಉಳುವಾಗ ಎತ್ತುಗಳಿಗೆ "ಥಮ್" ಎನ್ನುತ್ತಿದ್ದರು, ಕವಾಯತಿನಲ್ಲಿ ನಿಲ್ಲಲು ಕೊಡುವ ಆಜ್ಞೆ ಅದು. ಎತ್ತುಗಳು ನಿಲ್ಲುತ್ತಿದ್ದವು. ಅವುಗಳನ್ನು ಕೊಂಡವರು ಎರಡೇ ವಾರಕ್ಕೆ ವಾಪಸ್ ತಂದುಬಿಟ್ಟರು. ಕನ್ನಡ ತಿಳಿಯದ ಎತ್ತು ನಮಗೆ ಬೇಡ ಎಂದರು.

ಈಗ ಕೆಲಸದ ವಿಷಯ. ಎಂಜಿನಿಯರ್ ಎಂದ ಕೂಡಲೇ ಮೇಜು, ನಕ್ಷೆ ಎಂದುಕೊಳ್ಳಬೇಡಿ. ಸೈನ್ಯ ಮುಂದೆ ಹೋಗಬೇಕಾದರೆ ಅದಕ್ಕೂ ಮುಂದೆ ಹೋಗಿ ಸೇತುವೆ ಕಟ್ಟುವ, ದಾರಿ ಮಾಡುವ, ನೆಲಬಾಂಬು ತೆಗೆಯುವ ಜನ ಇವರು. ನೆಲಬಾಂಬಿನ ಹೊಲದಲ್ಲಿ ಟ್ಯಾಂಕಿಗೆಂದು ಹುಗಿದ ದೊಡ್ಡ ಬಾಂಬು ಸಾಮಾನ್ಯವಾಗಿ ಮನುಷ್ಯನ ತೂಕಕ್ಕೆ ಸಿಡಿಯುವುದಿಲ್ಲ. ಅದನ್ನು ತೆಗೆಯಲು ಬರುವವನಿಗಾಗಿ ನಡುನಡುವೆ ಚಿಕ್ಕವನ್ನು ಹುಗಿದಿರುತ್ತಾರೆ. ಯಂತ್ರ ಇದ್ದರೂ ಕಡೆಗೆ ಕೈಯೇ ಬೇಕು. ಹೊಟ್ಟೆಯ ಮೇಲೆ ಮಲಗಿ, ಸಲಾಕೆಯನ್ನು ಓರೆಯಾಗಿ, ಅಂಗೈ ಅಗಲಕ್ಕೊಮ್ಮೆ ನೆಲಕ್ಕೆ ತೂರಿಸುತ್ತ ಹೋಗಬೇಕು. ನೆಟ್ಟಗೆ ಚುಚ್ಚಿದರೆ ಬಾಂಬಿನ ನೆತ್ತಿಗೆ ತಗಲುತ್ತದೆ, ಕಥೆ ಅಲ್ಲಿಗೆ ಮುಗಿಯಿತು. ಓರೆಯಾಗಿ ಹೋದರೆ ಪಕ್ಕೆಗೆ ತಗಲುತ್ತದೆ. ಶುದ್ಧವಾದಷ್ಟು ದಾರಿಯ ಎರಡು ಬದಿಗೂ ಬಿಳಿಯ ಪಟ್ಟಿ ಎಳೆಯುತ್ತ ಹೋಗಬೇಕು, ಕತ್ತಲಲ್ಲಿ ಹಿಂದೆ ಬರುವವರಿಗೆ ಕಾಣಲಿ ಎಂದು. ಈ ಬಿಳಿ ಪಟ್ಟಿಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

1971ರಲ್ಲಿ ತಾತ ಇದ್ದದ್ದು ಗಡಿಯಾಚೆ, ಪಾಕಿಸ್ತಾನದ ಶಕರ್‌ಗಢದ ಕಡೆ. ಬಸಂತರ್ ಹೊಳೆಯ ಹೆಸರನ್ನು ಕೇಳಿರುತ್ತೀರಿ. ಡಿಸೆಂಬರ್ 16ರಂದು ಅಲ್ಲಿ ಟ್ಯಾಂಕ್ ಬಿಡದೆ ಹೋರಾಡಿ ಮಡಿದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಅವರಿಗೆ ಪರಮವೀರ ಚಕ್ರ ಬಂತು. ಇಪ್ಪತ್ತೊಂದು ವರ್ಷದ ಹುಡುಗ. ಆ ಟ್ಯಾಂಕುಗಳು ಹೊಳೆ ದಾಟಲು ನೆಲಬಾಂಬಿನ ನಡುವೆ ದಾರಿ ಬೇಕಿತ್ತು. ದಾರಿ ಪೂರ್ತಿ ಬಿಡುವ ಮೊದಲೇ ಅವು ನುಗ್ಗಬೇಕಾಯಿತು. ದಾರಿ ಬಿಡಿಸುವ ಕೆಲಸದಲ್ಲೇ ಪ್ರಾಣ ಕೊಟ್ಟವರು ಎಂಜಿನಿಯರ್ ಪಡೆಯ ಮೇಜರ್ ವಿಜಯ್ ರತ್ತನ್ ಚೌಧರಿ, ಅವರಿಗೆ ಮಹಾವೀರ ಚಕ್ರ. ಇಷ್ಟನ್ನು ನಾನು ಓದಿ ತಿಳಿದುಕೊಂಡೆ. ತಾತ ಹೇಳಿದ್ದು ಮೂರು ಸಂಗತಿ ಮಾತ್ರ: ಚಳಿ ವಿಪರೀತ, ಆಳೆತ್ತರ ಹುಲ್ಲು, ಮಣ್ಣು ನಮ್ಮ ಮಣ್ಣಿನ ಹಾಗೆ ಕೆಂಪಲ್ಲ. ಒತ್ತಾಯ ಮಾಡಿದರೆ ಮೂರನೆಯದನ್ನೇ ಇನ್ನೊಮ್ಮೆ ಹೇಳುತ್ತಿದ್ದರು.

ಆ ತಿಂಗಳು ಬರೆದ ಕಾಗದವೊಂದು ಅಜ್ಜಿಯ ಪೆಟ್ಟಿಗೆಯಲ್ಲಿದೆ. ನೀಲಿ ಇನ್‌ಲ್ಯಾಂಡ್, ಮೂಲಕ 56 ಎಪಿಒ, ಅಂದರೆ ಸೈನ್ಯದ ಅಂಚೆ ಕಚೇರಿ, ಎಂಬ ವಿಳಾಸ. ಊರಿನ ಹೆಸರಿಲ್ಲ, ರಾಜ್ಯದ ಹೆಸರಿಲ್ಲ, ಸೈನಿಕನ ವಿಳಾಸ ಎಂದರೆ ಅಷ್ಟೇ. "ಉಭಯ ಕುಶಲೋಪರಿ ಸಾಂಪ್ರತ" ಎಂದು ಶುರುವಾಗುತ್ತದೆ. ಕೆರೆ ಕೋಡಿ ಬಿದ್ದಿತೇ? ಅವರೆ ಕಾಯಿ ಕಚ್ಚಿತೇ? ಕರಿಯ ಹಸು ಗಬ್ಬವೇ? ಇಷ್ಟೇ ಇರುವುದು. ಯುದ್ಧದ ಸೊಲ್ಲಿಲ್ಲ, ಬರೆದಿದ್ದರೂ ಸೆನ್ಸಾರಿನವರು ಬಿಡುತ್ತಿರಲಿಲ್ಲ. ಅದು ಊರು ಮುಟ್ಟಿದ್ದು ಯುದ್ಧ ಮುಗಿದ ಮೇಲೆ. ಅಜ್ಜಿಗೆ ಓದು ಬರುತ್ತಿರಲಿಲ್ಲ, ಶಾಲೆಯ ಮೇಷ್ಟ್ರು ಓದಿ ಹೇಳಿದರು. ಕಾಗದದಲ್ಲಿ ಹಸುವಿನ ಕ್ಷೇಮ ಕೇಳುತ್ತಿರುವ ಮನುಷ್ಯ ಈಗ ಇದ್ದಾನೋ ಇಲ್ಲವೋ ಅದನ್ನು ಮಾತ್ರ ಮೇಷ್ಟ್ರಿಗೂ ಓದಿ ಹೇಳಲು ಆಗಲಿಲ್ಲ. ಮುಂದಿನ ಕಾಗದ ಬಂದದ್ದು ಸಂಕ್ರಾಂತಿ ಕಳೆದು. ಆ ನಡುವಿನ ದಿನಗಳಲ್ಲಿ ಅಜ್ಜಿ ಏನು ಮಾಡಿದರು ಎಂದು ಕೇಳಿದ್ದೆ. "ಏನು ಮಾಡುತ್ತಾರೆ? ಹಸುವನ್ನು ನೋಡಿಕೊಂಡೆ. ಅದರ ಬಗ್ಗೆ ಕೇಳಿದ್ದರಲ್ಲ" ಎಂದರು.

ಮರಳಿ ಬಂದರೂ ಕೆಲಸ ಮುಗಿಯಲಿಲ್ಲ. ಗೆದ್ದ ನೆಲವನ್ನು ಸಿಮ್ಲಾ ಒಪ್ಪಂದದ ನಂತರ 1972ರಲ್ಲಿ ಬಿಟ್ಟುಕೊಡಬೇಕಾಯಿತು. ಅದಕ್ಕೂ ಮೊದಲು ತಿಂಗಳುಗಟ್ಟಲೆ ನೆಲಬಾಂಬು ಎತ್ತುವ ಕೆಲಸ. ಅವರು ಹುಗಿದದ್ದು, ನಾವು ಹುಗಿದದ್ದು. ಡಂಗುರವಿಲ್ಲ, ರೇಡಿಯೊದಲ್ಲಿ ಸುದ್ದಿಯಿಲ್ಲ. ಶಾಂತಿಯ ಕಾಲದಲ್ಲಿ ಸಾಯುವ ಸೈನಿಕನ ಮನೆಗೆ ಯಾರೂ ಹಾರ ಹಿಡಿದು ಬರುವುದಿಲ್ಲ ಎಂದು ಒಮ್ಮೆ ಹೇಳಿದ್ದರು. ಯಾರನ್ನು ನೆನೆದು ಹೇಳಿದರೋ ಆ ಹೆಸರನ್ನು ಹೇಳಲಿಲ್ಲ.

1984ರಲ್ಲಿ ಹವಾಲ್ದಾರರಾಗಿ ನಿವೃತ್ತರಾದರು. ಇಪ್ಪತ್ತೊಂದು ವರ್ಷ ಸೇವೆ, ಮುಂದೆ ನಲವತ್ತು ವರ್ಷ ಊರು. ನಾನು ಇಂದು ಬಂದಿರುವುದು ಈ ನಲವತ್ತರ ವಿಷಯ ಮಾತಾಡಲು.

ನಮ್ಮ ಕೆರೆಯ ಏರಿಯ ಮೇಲೆ ಒಂದು ವೀರಗಲ್ಲು ಇದೆ. ನಿಮ್ಮ ಊರುಗಳಲ್ಲೂ ಇರುತ್ತದೆ. ಕೋಲಾರದ ಸೀಮೆ ವೀರಗಲ್ಲುಗಳ ಕಾಡು. ಗಂಗರು, ಬಾಣರು, ನೊಳಂಬರು ಕಾದಾಡಿದ ನೆಲ. ಕೆಳಗೆ ಯುದ್ಧ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ದನ ಹಿಡಿದುಕೊಂಡು ಹೋದರು, ಇವನು ಬಿಡಿಸಿದ, ಸತ್ತ. ಆ ಬಗೆಯ ಶಾಸನಗಳೆಲ್ಲ 'ಸತ್ತ' ಎಂಬ ಕ್ರಿಯಾಪದದ ಕಡೆಗೇ ಓಡುತ್ತವೆ. ಸತ್ತವನ ಮನೆಗೆ ಕೊಟ್ಟ ಭೂಮಿಗೆ ನೆತ್ತರುಗೊಡಗೆ, ಕಲ್ನಾಡು ಎಂಬ ಚಂದದ ಹೆಸರುಗಳಿದ್ದವು. ದನ ಬಿಡಿಸಿಕೊಂಡು ಮರಳಿ ಬಂದವನೂ ಇದ್ದನಲ್ಲ? ಬಂದು ಕೈಕಾಲು ತೊಳೆದು ಉಂಡು ಮಲಗಿ, ಬೆಳಿಗ್ಗೆ ಎದ್ದು ಹಾಲು ಕರೆದವನು? ಅವನಿಗೆ ಕಲ್ಲಿಲ್ಲ. ನಮಗೆ ಸತ್ತ ಸೈನಿಕನನ್ನು ನೆನೆಯುವುದು ಗೊತ್ತು. ಬದುಕಿ ಬಂದವನನ್ನು ಹೇಗೆ ನೆನೆಯಬೇಕೆಂಬುದಕ್ಕೆ ಒಂದು ರೂಢಿಯೇ ಇಲ್ಲ. ತಾತನ ಪುಣ್ಯತಿಥಿಗೆ ಬಂದ ಒಬ್ಬರು ಅವರನ್ನು 'ಹುತಾತ್ಮ' ಎಂದು ಕರೆದುಬಿಟ್ಟರು. ಎಂಬತ್ತನೆಯ ವಯಸ್ಸಿನಲ್ಲಿ, ಹಾಸಿಗೆಯ ಮೇಲೆ, ಕಾಫಿ ಕೇಳಿ, ಅದು ಬರುವ ಮೊದಲೇ ಹೋದವರು ಅವರು.

ಅವರ ಪದಕಗಳು ಸಿಕ್ಕದ್ದು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ, ಬಿತ್ತನೆಯ ಸೋರೆಬೀಜದ ಜೊತೆ. 1965ರ ರಕ್ಷಾ ಪದಕ, 1971ರ ಪಶ್ಚಿಮಿ ಸ್ಟಾರ್, ಸಂಗ್ರಾಮ ಪದಕ. ಪದಕವನ್ನು ಓರೆ ಹಿಡಿದು ನೋಡಿ, ಅಂಚಿನ ದಪ್ಪದಲ್ಲಿ ಸೈನಿಕನ ಸಂಖ್ಯೆ, ದರ್ಜೆ, ಹೆಸರು ಕೊರೆದಿರುತ್ತಾರೆ. ಭೂತಗನ್ನಡಿ ಬೇಕು. ಬದುಕಿ ಬಂದವನ ಶಾಸನ ಅಷ್ಟೇ ಗಾತ್ರದ್ದು.

ಮೇಜಿನ ಮೇಲೆ ಇಟ್ಟಿರುವ ಈ ಕಬ್ಬಿಣದ ಸಲಾಕೆ ನೋಡುತ್ತಿದ್ದೀರಿ. ನಿವೃತ್ತರಾಗಿ ಬಂದ ವಾರವೇ ಕುಲುಮೆಯಲ್ಲಿ ಹೇಳಿ ಮಾಡಿಸಿದ್ದು. ಎರಡೂವರೆ ಅಡಿ ಉದ್ದ, ತುದಿ ಚೂಪು, ಹಿಡಿಗೆ ಸೈಕಲ್ ಟ್ಯೂಬಿನ ಸುತ್ತು. ಮಾಜಿ ಸೈನಿಕರಿಗೆಂದು ದರ್ಖಾಸ್ತು ಅರ್ಜಿ ಹಾಕಿದ್ದರು. ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ಹನ್ನೊಂದು ವರ್ಷ ತೆಗೆದುಕೊಂಡಿತು. ಸಿಕ್ಕದ್ದು ಗುಡ್ಡದ ಬುಡದ ಎರಡು ಎಕರೆ, ಮುಕ್ಕಾಲು ಪಾಲು ಕಲ್ಲು. ತಾತ ಅಲ್ಲಿ ಮಾವು ಹಾಕಲು ಹೊರಟರು. ಗುಂಡಿ ತೋಡುವ ಮೊದಲು ಇಡೀ ಹೊಲವನ್ನು ಸಲಾಕೆಯಿಂದ ಓರೆಯಾಗಿ ಚುಚ್ಚಿ ಚುಚ್ಚಿ ನೋಡಿ, ಕಲ್ಲಿಲ್ಲದ ಕಡೆ ಗೂಟ ನೆಟ್ಟರು. ಬೆಳಿಗ್ಗೆ ಐದಕ್ಕೆ ಹೋಗಿ ಬಗ್ಗಿಕೊಂಡು ನೆಲ ಚುಚ್ಚುವ ಮುದುಕನನ್ನು ನೋಡಿ ಊರು ಸುಮ್ಮನಿರುತ್ತದೆಯೇ? ಮಿಲಿಟರಿ ತಾತನಿಗೆ ನಿಧಿಯ ಸುಳಿವು ಸಿಕ್ಕಿದೆ ಎಂದು ಪುಕಾರು ಹಬ್ಬಿತು. ಚಿನ್ನದ ಗಣಿಯ ಜಿಲ್ಲೆ ನೋಡಿ, ಇಲ್ಲಿ ಯಾರು ನೆಲಕ್ಕೆ ಬಗ್ಗಿದರೂ ಅನುಮಾನ. ಒಂದು ರಾತ್ರಿ ಯಾರೋ ಬಂದು ಅವರು ಗೂಟ ನೆಟ್ಟ ಕಡೆಯೆಲ್ಲ ಅಗೆದು ಹೋದರು. ಬೆಳಿಗ್ಗೆ ತಾತ ಗುಂಡಿಗಳ ಆಳ ಅಳೆದು ನೋಡಿ, "ಕೂಲಿ ಉಳಿಯಿತು" ಎಂದು ಸಸಿ ನೆಟ್ಟುಬಂದರು.

ನನಗೂ ಕಲಿಸಿದರು, ಎಂಟೊಂಬತ್ತು ವರ್ಷದವಳಿದ್ದಾಗ. ನನ್ನ ಕೈಯ ಮೇಲೆ ಅವರ ಕೈ. ಒತ್ತಬೇಡ, ಅದರ ಭಾರಕ್ಕೆ ಅದೇ ಇಳಿಯಲಿ ಎನ್ನುವರು. ಕಲ್ಲಿಗೆ ತಗಲಿದರೆ ಮೊಣಕೈವರೆಗೆ ಜುಮ್ಮೆನ್ನುತ್ತದೆ. ಬೇರಿಗೆ ತಗಲಿದರೆ ಸಲಾಕೆ ಅಂಟಿಕೊಂಡ ಹಾಗೆ ಆಗುತ್ತದೆ. ಮಡಕೆಯ ಚೂರು ಗರಗರ ಎನ್ನುತ್ತದೆ. ಕಣ್ಣು ಮುಚ್ಚಿ ಯಾವುದು ಎಂದು ಹೇಳಬೇಕು. ಸರಿಯಾಗಿ ಹೇಳಿದರೆ ಬೆಲ್ಲದ ಚೂರು. ಒಮ್ಮೆ ಅವಸರದಲ್ಲಿ ನೆಟ್ಟಗೆ ಚುಚ್ಚಿದೆ. ತಾತ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದ ರಭಸಕ್ಕೆ ಬಿದ್ದುಬಿಟ್ಟೆ. ಅಲ್ಲಿ ಇದ್ದದ್ದು ಬರಿಯ ಮಣ್ಣು. ಅವರ ಮುಖ ಬೆವರಿತ್ತು. ಬೆಲ್ಲದ ಪೊಟ್ಟಣವನ್ನು ಇಡಿಯಾಗಿ ನನ್ನ ಕೈಗೆ ಕೊಟ್ಟು ಬೇವಿನ ಮರದ ಆಚೆಗೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದರು.

ಹೊಗಳಿಕೆಯೇ ಆಯಿತು, ಅವರಿಗೇ ಇಷ್ಟವಾಗುತ್ತಿರಲಿಲ್ಲ. ಮನೆಯನ್ನು ಬ್ಯಾರಕಿನ ಹಾಗೆ ನಡೆಸಿದವರು. ನನ್ನ ತಂದೆ ಹಾಸಿಗೆ ಮಡಿಸುವುದರಲ್ಲಿ ಇಂಚು ತಪ್ಪಿದರೂ ಕೂಗಾಟ. ಮಗ ಸೈನ್ಯಕ್ಕೆ ಸೇರಲಿಲ್ಲವೆಂದು ನಾಲ್ಕು ವರ್ಷ ನೇರವಾಗಿ ಮಾತಾಡಲಿಲ್ಲ. "ಅವನಿಗೆ ಹೇಳು" ಎಂದು ಅಜ್ಜಿಯ ಮೂಲಕವೇ ವ್ಯವಹಾರ. ಇನ್ನು ಕೊಳವೆಬಾವಿ. 2001ರಿಂದ ಮೂರು ವರ್ಷ ಬರ ಬಿತ್ತಲ್ಲ, ಆಗ ನೆಲವನ್ನು ಅಷ್ಟು ಬಲ್ಲ ಮನುಷ್ಯ ಅಂಗೈಯಲ್ಲಿ ತೆಂಗಿನಕಾಯಿ ನಿಲ್ಲಿಸುವವನ ಮಾತು ನಂಬಿ ಮೂರು ಕಡೆ ಕೊರೆಸಿದರು. ಮೂರನೆಯದು 1,200 ಅಡಿ. ಧೂಳು ಬಂತು. ಸಾಲ ತೀರಿಸಲು ಅವರ ಪಿಂಚಣಿಯ ಜೊತೆ ನನ್ನ ತಂದೆಯ ಸಂಬಳವೂ ಹೋಯಿತು. ತಂದೆ ಮಾತ್ರ ಆ ವಿಷಯ ಎತ್ತಿ ಒಂದು ದಿನವೂ ಆಡಿಕೊಳ್ಳಲಿಲ್ಲ. ಮಾತು ಬಿಟ್ಟವರು ಮತ್ತೆ ಮಾತಾಡಿದ್ದು ಆ ಒಣ ಕೊಳವೆಬಾವಿಯ ಪಕ್ಕದಲ್ಲಿ ನಿಂತು.

ಕಡೆಯ ವರ್ಷಗಳ ನವೆಂಬರ್ ಎಂದರೆ ಬದುಕಿದ್ದೇನೆ ಎಂದು ಸಾಬೀತು ಮಾಡುವ ತಿಂಗಳು. ಇಲ್ಲಿರುವ ಪಿಂಚಣಿದಾರರಿಗೆ ವಿವರಿಸಬೇಕಿಲ್ಲ. ಜೀವನ ಪ್ರಮಾಣ ಪತ್ರ ಡಿಜಿಟಲ್ ಆದ ಮೇಲೆ ಹೆಬ್ಬೆಟ್ಟು ಒತ್ತಬೇಕಿತ್ತು. ತಾತನ ಬೆರಳುಗಳ ಗೆರೆ ಸವೆದು ಹೋಗಿತ್ತು. ಒಂದು ಕೇಂದ್ರದ ಹುಡುಗ ಹತ್ತೂ ಬೆರಳು ಒತ್ತಿಸಿ ನೋಡಿ, "ತಾತ, ಬರುತ್ತಿಲ್ಲ" ಎಂದ. "ಹಾಗಾದರೆ ಹೊರಟೆ, ಹೊತ್ತುಕೊಂಡು ಹೋಗಲು ನಾಲ್ಕು ಜನರನ್ನು ಕರೆ" ಎಂದರು ತಾತ. ಬೇರೆ ಕಡೆ ಕಣ್ಣಿನ ಪಾಪೆ ತೋರಿಸಿ ಕೆಲಸ ಮುಗಿಸಿದೆವು. ಬರುವಾಗ ಬಸ್ಸಿನಲ್ಲಿ ತಮ್ಮ ಹೆಬ್ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. 2021ರ ನವೆಂಬರ್ ಮಳೆ ನಿಮಗೆ ನೆನಪಿದೆ. ಹೊಲದ ರಾಗಿ ಮೊಳಕೆ ಬಂದ ಮಳೆ. ಎಷ್ಟೋ ವರ್ಷ ಒಣಗಿದ್ದ ಕೆರೆಗಳು ಕೋಡಿ ಬಿದ್ದವು. ನಮ್ಮ ಕೆರೆಯ ಅಂಗಳದಲ್ಲಿ ಇಟ್ಟಿಗೆಗೆಂದು ಮಣ್ಣು ಅಗೆದ ಗುಂಡಿಗಳಿದ್ದವು, ಕೆಲವು ಎರಡಾಳು ಆಳ. ನೀರು ತುಂಬಿದರೆ ಯಾವುದೂ ಕಾಣುವುದಿಲ್ಲ, ಮತ್ತು ನೀರನ್ನೇ ಕಾಣದ ಮಕ್ಕಳು ಇಳಿಯದೆ ಇರುವುದಿಲ್ಲ. ನೀರು ಇನ್ನೂ ತೂಬಿನ ಕಡೆ ಇರುವಾಗ ಎಪ್ಪತ್ತೇಳು ವರ್ಷದ ತಾತ ಸಲಾಕೆ ಹಿಡಿದು ಇಳಿದರು. ಜಡಿಮಳೆ. ತಲೆಗೆ ಗೊಬ್ಬರದ ಚೀಲದ ಗೊಪ್ಪೆ. ಅಜ್ಜಿಯನ್ನು ಕೇಳದೆ ತಮ್ಮ ಎರಡು ಪಂಚೆ ಹರಿದು ಪಟ್ಟಿ ಮಾಡಿಕೊಂಡಿದ್ದರು. ನನ್ನ ತಂದೆ ನೀಲಗಿರಿಯ ಕೋಲುಗಳ ಹೊರೆ ಹೊತ್ತು ಹಿಂದೆ. ತಾತ ಚುಚ್ಚಿ ಅಂಚು ಹುಡುಕುವುದು, "ಇಲ್ಲಿ" ಎನ್ನುವುದು. ತಂದೆ ಕೋಲು ನೆಟ್ಟು ಬಿಳಿಯ ಪಟ್ಟಿ ಕಟ್ಟುವುದು. ಕತ್ತಲಾಗುವವರೆಗೆ ಹಾಗೆಯೇ ಮಾಡಿದರು. ಏರಿಯ ಮೇಲೆ ಛತ್ರಿ ಹಿಡಿದು ನಿಂತ ನಾನು ಮೊದಲ ಬಾರಿಗೆ ಆ ಇಬ್ಬರು ಒಂದೇ ಸಾಲಿನಲ್ಲಿ ನಡೆಯುವುದನ್ನು ನೋಡಿದೆ. ಮೂರನೆಯ ದಿನ ಕೋಲುಗಳ ತಲೆ ಮಾತ್ರ ನೀರಿನ ಮೇಲಿತ್ತು, ಬಿಳಿಯ ಪಟ್ಟಿಗಳು ಗಾಳಿಗೆ ಆಡುತ್ತಿದ್ದವು. ಹುಡುಗರು ಅದರ ಈಚೆಗೇ ಈಜಿದರು. ಊರಿನಲ್ಲಿ ಯಾರೂ ಅದರ ಬಗ್ಗೆ ಮಾತಾಡಲಿಲ್ಲ, ಏನೂ ಆಗಲಿಲ್ಲವಲ್ಲ.

ಆ ವರ್ಷದ ಹದಿನೇಳರಂದು ತಾತನಿಗೆ ಜ್ವರ. ಅಜ್ಜಿ ಗಂಜಿ ಕುಡಿಯಿರಿ ಎಂದು ಏಳಕ್ಕೇ ತಂದರು. ಗೋಡೆಯ ಗಡಿಯಾರದ ಕಡೆ ಬೆರಳು ತೋರಿಸಿ ಸುಮ್ಮನಾದರು. ಅಜ್ಜಿಯೂ ಬಟ್ಟಲು ಬೋರಲು ಹಾಕಿ ಪಕ್ಕದಲ್ಲೇ ಕುಳಿತರು.

ಸಲಾಕೆಯನ್ನು ಮುಟ್ಟಿ ನೋಡಬೇಕೆನ್ನುವವರು ಆಮೇಲೆ ಮುಂದೆ ಬನ್ನಿ, ತುದಿ ಇನ್ನೂ ಚೂಪಾಗಿದೆ, ಮಕ್ಕಳ ಕೈಗೆ ಕೊಡಬೇಡಿ. ಹೊರಗೆ ಊಟ ಸಿದ್ಧವಾಗಿದೆ ಎಂದು ಸಂಘಟಕರು ಸನ್ನೆ ಮಾಡುತ್ತಿದ್ದಾರೆ, ಹಿತಕಿದಬೇಳೆಯ ವಾಸನೆ ಇಲ್ಲಿಗೇ ಬರುತ್ತಿದೆ. ಮೊದಲ ಸಾಲಿನಲ್ಲಿ ನನ್ನ ಅಜ್ಜಿ ಕುಳಿತಿದ್ದಾರೆ, ನನ್ನನ್ನಲ್ಲ, ನನ್ನ ತಲೆಯ ಮೇಲಿನ ಗಡಿಯಾರವನ್ನು ನೋಡುತ್ತಿದ್ದಾರೆ. ಈಗ ಏಳು ಐವತ್ತು. ಹತ್ತು ನಿಮಿಷ ಕುಳಿತು ಹೋಗೋಣ.